ಮೊದಲ ಚಮಚದ ತಾರೀಖು

ನಮ್ಮ ನೆಂಟರಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಒಂದು ಪಂಚಾಯಿತಿ ಸೇರುತ್ತದೆ. ಎದೆಹಾಲೊಂದೇ ಸಾಕೋ, ಮೇಲೆ ಏನಾದರೂ ಕೊಡಬೇಕೋ, ಕೊಡುವುದಾದರೆ ಯಾವತ್ತಿನಿಂದ? ಮಾತು ಶುರುವಾದ ಐದೇ ನಿಮಿಷಕ್ಕೆ ಯಾರಾದರೊಬ್ಬರು ನನ್ನ ಕಡೆ ತಿರುಗಿ ನಗುತ್ತಾರೆ. ಆಮೇಲೆ ನನ್ನ ಮಗಳ ಕಥೆ. ಪ್ರತಿ ಸಲವೂ ಅದಕ್ಕೆ ಹೊಸದೊಂದು ಬಾಲ ಅಂಟಿಕೊಳ್ಳುತ್ತದೆ. ಹೋದ ಸಲ ಕೇಳಿದಾಗ ನಾನು ಅಡುಗೆಮನೆಗೆ ಬೀಗ ಹಾಕಿಸಿದ್ದೆನಂತೆ. ಬೀಗ ಹಾಕಿಸಿರಲಿಲ್ಲ. ಅದಕ್ಕೇ, ನಡೆದದ್ದನ್ನು ನಡೆದ ಹಾಗೆ ನಾನೇ ಬರೆದಿಡುವುದು ವಾಸಿ ಅನ್ನಿಸಿತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಬಟ್ಟೆಗೆ ಹಾಕುವ ಗಂಜಿಪುಡಿ ಅಲ್ಲಿ ತಯಾರಾಗುತ್ತಿತ್ತು. ಅಳತೆ ಸರಿಯಿದ್ದರೆ ಪಾಸ್, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ವಾಪಸ್. ಮನೆ ನಂಜನಗೂಡಿನಲ್ಲಿ. ಅಲ್ಲಿ ನಾನು, ಅಮ್ಮ, ನನ್ನ ಹೆಂಡತಿ. ಅವಳು ಬಿಳಿಗೆರೆ ಕಡೆಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರು. ಅವಳ ತವರು ತಿ. ನರಸೀಪುರ. ಮಗಳು ಹುಟ್ಟಿದ್ದು ಅಲ್ಲೇ, ಬಾಣಂತನವೂ ಅಲ್ಲೇ. ಇದ್ದಬದ್ದ ರಜೆಯನ್ನೆಲ್ಲ ಸೇರಿಸಿದರೂ ಮಗುವಿಗೆ ಐದು ತಿಂಗಳಾಗುವ ಹೊತ್ತಿಗೆ ಅವಳು ಶಾಲೆಗೆ ವಾಪಸ್ ಹೋಗಲೇಬೇಕಿತ್ತು. ಅಷ್ಟರಲ್ಲಿ ಮಗು ಒಂದಿಷ್ಟು ರಾಗಿ ಸರಿ ತಿನ್ನುವಂತಾದರೆ ಹಗಲು ಅಜ್ಜಿಯ ಹತ್ತಿರ ಇರುತ್ತದೆ. ಇಲ್ಲವಾದರೆ ಅವಳ ಕೆಲಸಕ್ಕೇ ಸಂಚಕಾರ. ವಿಷಯ ಇಷ್ಟೇ. ಇಷ್ಟಕ್ಕೆ ಎರಡು ಊರು ಎದ್ದು ಕೂತವು.

ಡಾಕ್ಟರು ಬರೆದುಕೊಟ್ಟ ಟಾನಿಕ್ಕು

ಮಗು ಹುಟ್ಟುವ ಮೊದಲೇ ನಾನು ಮೈಸೂರಿನಿಂದ ಶಿಶುಪಾಲನೆಯ ಒಂದು ಇಂಗ್ಲಿಷ್ ಪುಸ್ತಕ ತಂದು ಎರಡು ಸಲ ಓದಿದ್ದೆ. ಗಟ್ಟಿ ಆಹಾರ ನಾಲ್ಕರಿಂದ ಆರು ತಿಂಗಳ ನಡುವೆ ಶುರು ಮಾಡಿ ಎಂದು ಅದರಲ್ಲಿತ್ತು. ಆ 'ನಡುವೆ' ಎನ್ನುವುದು ನನಗೆ ಒಗ್ಗಲಿಲ್ಲ. ಎರಡು ತಿಂಗಳ ಅಂತರ ಇಟ್ಟುಕೊಂಡು ಯಾವ ಕೆಲಸವನ್ನು ನೆಟ್ಟಗೆ ಮಾಡುವುದಕ್ಕಾಗುತ್ತದೆ?

ಚುಚ್ಚುಮದ್ದು ಹಾಕಿಸಲು ನರಸೀಪುರದ ಡಾಕ್ಟರ ಹತ್ತಿರ ಹೋದಾಗ ಕೇಳಿಯೇಬಿಟ್ಟೆ. ಅವರು ವಯಸ್ಸಾದವರು, ಸಮಾಧಾನಿ. ನಾಲ್ಕು ತಿಂಗಳಿಗೆ ಮುಂಚೆ ಏನೂ ಬೇಡ, ಆರರ ಮೇಲೆ ತಡ ಮಾಡಬೇಡಿ, ನಡುವೆ ಮಗು ನೋಡಿಕೊಂಡು ಕೊಡಿ ಎಂದರು. ಮಗುವಿನಲ್ಲಿ ನೋಡುವುದೇನು ಎಂದು ಕೇಳಿ ಬರೆದುಕೊಂಡೆ. ಕತ್ತು ನಿಲ್ಲಬೇಕು. ಒರಗಿಸಿ ಕೂರಿಸಿದರೆ ಕೂರಬೇಕು. ನಾವು ತಿನ್ನುವುದನ್ನು ನೋಡಿ ಆಸೆಪಡಬೇಕು. ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳಬಾರದು.

"ಅದೆಲ್ಲ ಸರಿ ಡಾಕ್ಟ್ರೇ, ತಾರೀಖು ಹೇಳಿ" ಎಂದೆ.

ಅವರು ಕನ್ನಡಕ ತೆಗೆದರು. ನಿಮಗೆ ಹಸಿವಾಗುವುದು ಎಷ್ಟು ಗಂಟೆಗೆ ಎಂದು ಕೇಳಿದರು. ಹನ್ನೆರಡೂವರೆಗೆ ಎಂದೆ. ದಿನಾಲೂ ಅಷ್ಟಕ್ಕೇ ಹೇಗೆ ಆಗುತ್ತದೆ ಎಂದರು. ಕ್ಯಾಂಟೀನಿನ ಗಂಟೆ ಹೊಡೆಯುವುದು ಆಗಲೇ ಎಂದೆ. ಅವರು ಚೀಟಿಯ ಮೇಲೆ ಒಂದು ಟಾನಿಕ್ಕಿನ ಹೆಸರು ಬರೆದು ಕೊಟ್ಟರು. ಇಷ್ಟು ಸಣ್ಣ ಮಗುವಿಗೆ ಟಾನಿಕ್ಕು ಯಾಕೆ ಎಂದು ಕೇಳಿದೆ.

"ಮಗೂಗಲ್ಲ, ನಿಮ್ಮ ಮನೆಯವರಿಗೆ. ಪಾಪ, ಇನ್ನೂ ಎರಡೂವರೆ ತಿಂಗಳು ನಿಮ್ಮನ್ನ ತಡ್ಕೋಬೇಕಲ್ಲ."

ಬರುವಾಗ ದಾರಿಯಲ್ಲೇ ತೀರ್ಮಾನ ಮಾಡಿದೆ. ಗೊಂದಲವಿದ್ದಲ್ಲಿ ಕಡೆಯ ಗೆರೆಯನ್ನು ಹಿಡಿಯುವುದು ನನ್ನ ಪದ್ಧತಿ. ಆರು ತಿಂಗಳು ಪೂರ್ತಿ. ಅದಕ್ಕೆ ಒಂದು ದಿನ ಮುಂಚೆಯೂ ಇಲ್ಲ.

ಅಮಾವಾಸ್ಯೆ ಲೆಕ್ಕ

ಪ್ರತಿ ಭಾನುವಾರ ಬಸ್ಸಿನಲ್ಲಿ ನರಸೀಪುರಕ್ಕೆ ಹೋಗಿ ಮಗಳನ್ನು ನೋಡಿ ಬರುತ್ತಿದ್ದೆ. ನಾಲ್ಕು ತಿಂಗಳು ತುಂಬಿದ ವಾರ ಹೋದಾಗ ನಮ್ಮತ್ತೆ ರಾಗಿ ಮೊಳಕೆ ಕಟ್ಟಿ ನೆರಳಲ್ಲಿ ಹರಡಿದ್ದರು. ಇದು ಯಾರಿಗೆ ಎಂದೆ. ಮಗುವಿಗೆ, ಐದು ತಿಂಗಳು ಆಯಿತಲ್ಲ ಎಂದರು. ಐದು ಹೇಗಾಯಿತು, ನಾಲ್ಕು ಎಂದೆ.

ಆಗ ಗೊತ್ತಾಯಿತು, ಅವರದು ಅಮಾವಾಸ್ಯೆ ಲೆಕ್ಕ. ಮಗು ಹುಟ್ಟಿದ ಮೇಲೆ ಎಷ್ಟು ಅಮಾವಾಸ್ಯೆ ಕಳೆದವೋ ಅಷ್ಟು ತಿಂಗಳು. ನನ್ನ ಮಗಳು ಹುಟ್ಟಿದ್ದು ಅಮಾವಾಸ್ಯೆಗೆ ಎರಡು ದಿನ ಮುಂಚೆ. ಹೀಗಾಗಿ ಹುಟ್ಟಿದ ಮೂರನೇ ದಿನಕ್ಕೇ ಅವಳಿಗೆ ಒಂದು ತಿಂಗಳು ಆಗಿಹೋಗಿತ್ತು. ಇದು ಲೆಕ್ಕವಲ್ಲ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಗೌರವದಿಂದ ನೋಡಿದರು. ನೋಡಿ, ಆರು ಮಕ್ಕಳನ್ನು ಅದೇ ಲೆಕ್ಕದಲ್ಲಿ ಸಾಕಿದ್ದೇನೆ ಎಂದರು. ಆರರಲ್ಲಿ ಒಬ್ಬಳು ನನ್ನ ಹೆಂಡತಿಯೇ ಆದ್ದರಿಂದ ಆ ಲೆಕ್ಕ ಸರಿಯಿಲ್ಲ ಎಂದು ಸಾಧಿಸುವುದು ಕಷ್ಟವಾಗಿತ್ತು.

ಬೇರೆ ದಾರಿ ಹಿಡಿದೆ. ಆಗಲಿ ಅತ್ತೆ, ನಿಮ್ಮ ಲೆಕ್ಕವನ್ನೇ ಒಪ್ಪಿದೆ ಎಂದೆ. ಐದು ತಿಂಗಳಿಗೆ ಮಗಳನ್ನು ಕಳಿಸಿಕೊಡುತ್ತೇನೆ ಎಂದು ಮಾತಾಗಿತ್ತಲ್ಲ, ಐದು ಆಯಿತು, ನಾಲ್ಕು ಗಂಟೆ ಬಸ್ಸಿಗೆ ತಾಯಿ ಮಗುವನ್ನು ಕರೆದುಕೊಂಡು ಹೊರಡುತ್ತೇನೆ.

ನಮ್ಮತ್ತೆ ಮೊಮ್ಮಗಳನ್ನು ಎತ್ತಿ ಎದೆಗೆ ಅವಚಿಕೊಂಡರು.

"ಎಲ್ಲಾದ್ರೂ ಉಂಟೇ ಅಳಿಯಂದ್ರೆ. ಇನ್ನೂ ನಾಲ್ಕು ತಿಂಗಳ ಕೂಸು ಇದು."

ನಾನು ಶಾಸ್ತ್ರ ಹೇಳಿದ್ದು

ನಂಜನಗೂಡಿನಲ್ಲಿ ಅಮ್ಮನದು ಇನ್ನೊಂದು. ಹೆಣ್ಣುಮಗುವಿಗೆ ಅನ್ನಪ್ರಾಶನ ಬೆಸ ತಿಂಗಳಲ್ಲಿ ಆಗಬೇಕು, ಐದರಲ್ಲಿ ಮಾಡೋಣ ಎಂದರು. ಐದು ತುಂಬಿದ ಮೇಲಾ ಎಂದರೆ ಅಲ್ಲ, ಐದು ನಡೆಯುವಾಗ. ನಾಲ್ಕು ತುಂಬಿದ ಮಾರನೆಯ ದಿನವೇ ಅವರ ಪ್ರಕಾರ ಐದನೇ ತಿಂಗಳು. ಮದುವೆ ಮಾತುಕತೆಯಿಂದ ಹಿಡಿದು ಯಾವೊಂದು ವಿಷಯದಲ್ಲೂ ಒಮ್ಮತವಿಲ್ಲದ ಇಬ್ಬರು ಬೀಗಿತ್ತಿಯರು ಬೇರೆ ಬೇರೆ ದಾರಿಯಿಂದ ಬಂದು ಒಂದೇ ವಾರದಲ್ಲಿ ನಿಂತಿದ್ದರು.

ನಾನು ಒಂದು ರಾತ್ರಿಯೆಲ್ಲ ಕೂತು ಯೋಚಿಸಲಿಲ್ಲ. ಕಾರ್ಖಾನೆಗೆ ಹೋಗುವ ದಾರಿಯಲ್ಲಿ ತಟ್ಟನೆ ಹೊಳೆಯಿತು. ಸಂಜೆ ಬಂದು ಅಮ್ಮನನ್ನು ಕೇಳಿದೆ, ಬೆಸ ಅಂದರೆ ಐದೇ ಆಗಬೇಕಾ, ಏಳು ಆಗದಾ? ಏಳೂ ಆಗುತ್ತದೆ ಎಂದರು. ಆರು ತಿಂಗಳು ತುಂಬಿದ ಮಾರನೆಯ ದಿನ ಯಾವ ತಿಂಗಳು? ಅಮ್ಮ ಬೆರಳು ಮಡಚಿ ಎಣಿಸಿ, ಏಳನೇದು ಎಂದರು.

"ಹಾಗಾದ್ರೆ ಆವತ್ತೇ ಮಾಡಣ. ಐದಕ್ಕಿಂತ ಏಳು ಶ್ರೇಷ್ಠ" ಎಂದೆ.

ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು. ಜ್ವರವಿದೆಯೇ ಎಂದು ನೋಡುವವರ ಹಾಗೆ. ಹತ್ತನೇ ವಯಸ್ಸಿಗೆ ಕಾನ್ವೆಂಟಿನಿಂದ ಬಂದು ಸಂಧ್ಯಾವಂದನೆಗೆ ಆಧಾರ ಏನು ಎಂದು ಕೇಳಿದ ಮಗ ನಾನು. ಅಮ್ಮ ಮರುಮಾತಿಲ್ಲದೆ ಒಪ್ಪಿದರು. ಮಾರನೆಯ ಬೆಳಿಗ್ಗೆ ದೇವಸ್ಥಾನದಲ್ಲಿ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿಕೊಂಡು ಬಂದರು. ಮಗನಿಗೆ ಕೊನೆಗೂ ಬುದ್ಧಿ ಬಂತು ಎಂದು ಬೀದಿಯವರಿಗೆಲ್ಲ ಪ್ರಸಾದ ಹಂಚಿದರಂತೆ.

ಪಾಸಾದ ಮಾಲು

ನಮ್ಮ ಕಾರ್ಖಾನೆಯಲ್ಲಿ ಹೆಡತಲೆ ಕಡೆಯ ಒಬ್ಬ ಆಪರೇಟರ್ ಇದ್ದ. ನಾಲ್ಕು ಮಕ್ಕಳ ತಂದೆ. ನಿನ್ನ ಮಕ್ಕಳಿಗೆ ಊಟ ಯಾವಾಗ ಶುರು ಮಾಡಿದೆ ಎಂದು ಒಂದು ದಿನ ಅವನನ್ನು ಕೇಳಿದೆ.

"ನಾವೆಲ್ಲಿ ಸುರು ಮಾಡ್ದೋ ಸಾ. ತೊಡೆ ಮ್ಯಾಲೆ ಕುಂತಿರ್ತದೆ, ನಾವು ಉಣ್ತಿರ್ತೀವಿ. ಒಂದಿನ ತಟ್ಟೆಗೆ ಕೈ ಆಕ್ತದೆ. ಅಲ್ಲಿಗೆ ಸುರು ಆಯ್ತು."

ಯಾವ ತಿಂಗಳಲ್ಲಿ ಎಂದು ಒತ್ತಿ ಕೇಳಿದೆ. ದೊಡ್ಡವನು ಕಳ್ಳೇಕಾಯಿ ಕೀಳುವಾಗ, ಎರಡನೇದು ಅವರ ಚಿಕ್ಕಪ್ಪನ ಮದುವೆ ಮುಂದೆ, ಉಳಿದವು ನೆನಪಿಲ್ಲ ಎಂದ. ಇವನಿಂದ ದಾಖಲೆ ಸಿಗುವುದಿಲ್ಲ ಎಂದು ಸುಮ್ಮನಾದೆ. ಆದರೆ ಅವನು ಸುಮ್ಮನಾಗಲಿಲ್ಲ. ವಾರ ಬಿಟ್ಟು, ಅವನ ಹೆಂಡತಿ ಮಾಡಿದ ಸರಿ ಹಿಟ್ಟನ್ನು ಒಂದು ಡಬ್ಬಿಯಲ್ಲಿ ತಂದು ನನ್ನ ಮೇಜಿನ ಮೇಲಿಟ್ಟ. ರಾಗಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟು. ನಿಮ್ಮ ಕೂಸಿಗೆ ಸಾ, ಯಾವಾಗ ಬೇಕೋ ಆಗ ಕೊಡಿ ಎಂದ.

ಪರೀಕ್ಷೆ ಮಾಡದೆ ಒಳಗೆ ಬಿಡುವ ಅಭ್ಯಾಸ ನನಗಿಲ್ಲ. ಒಂದು ಚಮಚ ಹಿಟ್ಟು ತೆಗೆದು ನಮ್ಮ ಲ್ಯಾಬಿನ ಜರಡಿಗೆ ಹಾಕಿದೆ. ಪೂರ್ತಿ ಇಳಿಯಿತು. ಅದಕ್ಕಿಂತ ಸಣ್ಣದಕ್ಕೆ ಹಾಕಿದೆ. ಇಳಿಯಿತು. ನಮ್ಮ ಮಾಲು ವಾರಕ್ಕೆರಡು ಸಲ ತಡೆದು ನಿಲ್ಲುತ್ತಿದ್ದ ಅತಿ ಸಣ್ಣ ಜರಡಿಗೆ ಹಾಕಿ ಅಲುಗಿಸಿದೆ. ಒಂದು ಕಣವೂ ಮೇಲೆ ನಿಲ್ಲಲಿಲ್ಲ. ಇದನ್ನು ಯಾವ ಜರಡಿಯಲ್ಲಿ ಹಿಡಿದದ್ದು ಎಂದು ವಿಚಾರಿಸಿದೆ. ಹಳೇ ಸೀರೆಯ ಸೆರಗಿನಲ್ಲಿ ಎಂದ.

ಚಮಚದ ಹಿಟ್ಟನ್ನು ಚೆಲ್ಲಿ, ಡಬ್ಬಿ ಮನೆಗೆ ತಂದೆ. ಮೂರು ಪಾಳಿಯಲ್ಲೂ ಒಂದು ಮಾತು ಬಹಳ ದಿನ ಓಡಾಡಿತು: ಈ ವರ್ಷ ಸಾಹೇಬ್ರು ತಕರಾರಿಲ್ಲದೆ ಪಾಸ್ ಮಾಡಿದ ಮಾಲು ಒಂದೇ, ಅದೂ ಹೆಡತಲೆಯ ಹೆಂಗಸಿಂದು.

ಡಬ್ಬಿಯ ಗೆರೆ

ಐದು ತಿಂಗಳಿಗೆ ತಾಯಿ ಮಗು ನಂಜನಗೂಡಿಗೆ ಬಂದರು. ಹೆಂಡತಿ ಕೆಲಸಕ್ಕೆ ಹೊರಟಳು. ಬೆಳಿಗ್ಗೆ ಎದ್ದು ಎದೆಹಾಲು ಹಿಂಡಿ, ನೀರಿನಲ್ಲಿ ಕುದಿಸಿದ ಸ್ಟೀಲ್ ಲೋಟದಲ್ಲಿ ಮುಚ್ಚಿಟ್ಟು ಹೋಗುತ್ತಿದ್ದಳು. ಅಮ್ಮ ಅದನ್ನು ಒಳಲೆಯಲ್ಲಿ ಕುಡಿಸುತ್ತಿದ್ದರು. ಬಾಟಲಿ ಬೇಡ ಎಂಬ ಒಂದು ವಿಷಯದಲ್ಲಿ ಅಮ್ಮ, ಪುಸ್ತಕ, ನಾನು ಮೂವರೂ ಒಂದೇ.

ಹಾಲು ಎರಡು ಗಂಟೆಯವರೆಗೆ ಬರುತ್ತಿತ್ತು. ಹೆಂಡತಿ ಮನೆ ತಲುಪುವುದು ಐದೂವರೆಗೆ. ಆ ಮೂರೂವರೆ ಗಂಟೆ ಮಗು ಅತ್ತು ಕರೆದು ರಂಪ. ಮೊದಲ ದಿನವೇ ಅಮ್ಮ ನನ್ನನ್ನು ಕೇಳಿದರು, ಒಂದೇ ಚಮಚ ಸರಿ ಹಾಕಲಾ ಎಂದು. ತಾರೀಖು ಗೊತ್ತಲ್ಲ ಎಂದೆ. ಗೊತ್ತು ಎಂದು ಎದ್ದುಹೋದರು. ಮತ್ತೆ ಕೇಳಲಿಲ್ಲ. ಅಮ್ಮ ಒಂದು ಸಲ ಕೇಳಿ ಸುಮ್ಮನಾಗುವವರಲ್ಲವಾದ್ದರಿಂದ ನನಗೆ ಅನುಮಾನ ಬಂತು. ಸರಿ ಹಿಟ್ಟಿನ ಡಬ್ಬಿಯ ಒಳಗೆ ಹಿಟ್ಟು ಎಲ್ಲಿಯವರೆಗಿದೆಯೋ ಅಲ್ಲಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಟ್ಟೆ.

ಮೂರನೇ ದಿನ ನೋಡಿದರೆ ಹಿಟ್ಟು ಗೆರೆಗಿಂತ ಅರ್ಧ ಬೆರಳು ಕೆಳಗಿದೆ. ಡಬ್ಬಿ ಹಿಡಿದುಕೊಂಡು ನಡುಮನೆಗೆ ಬಂದೆ. ಹೆಂಡತಿ ಪಾಠದ ಟಿಪ್ಪಣಿ ಬರೆಯುತ್ತಿದ್ದವಳು ತಲೆ ಎತ್ತಿ ನೋಡಿ ಮತ್ತೆ ಬಗ್ಗಿದಳು. ಅಮ್ಮನಿಗೆ ಗೆರೆ ತೋರಿಸಿ, ಈ ಹಿಟ್ಟು ಎಲ್ಲಿಗೆ ಹೋಯಿತು ಎಂದು ಕೇಳಿದೆ. ಅಮ್ಮ ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಹೇಳಿದರು, ಮಂಡಿನೋವು, ಯಾರೋ ರಾಗಿ ಗಂಜಿ ಕುಡಿಯಿರಿ ಅಂದರು, ಅದಕ್ಕೆ ಎರಡು ದಿನದಿಂದ ಕುಡಿಯುತ್ತಿದ್ದೇನೆ ಎಂದು. ನಾನು ಮತ್ತೆ ಗೆರೆ ನೋಡಿದೆ.

"ನನಗೆ ಅರವತ್ತೆರಡು ತುಂಬ್ತು ಕಣೋ. ಶುರು ಮಾಡಬಹುದೋ, ಇನ್ನೂ ಕಾಯಬೇಕೋ?"

ಹೆಂಡತಿ ಟಿಪ್ಪಣಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು.

ಮೂರು ಗಂಟೆಯ ಬಸ್ಸು

ಮಗು ಅಳುವುದು ಮಾತ್ರ ನಿಲ್ಲಲಿಲ್ಲ. ಒಂದು ಸಂಜೆ ಹೆಂಡತಿ, ಹೀಗೇ ಆದರೆ ಕೆಲಸ ಬಿಟ್ಟುಬಿಡುತ್ತೇನೆ ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. ಪಾಠ ಮಾಡುವಾಗ ಎರಡು ಗಂಟೆ ಹೊಡೆದರೆ ಬೋರ್ಡಿನ ಮೇಲೆ ಏನು ಬರೆಯುತ್ತಿದ್ದೆ ಎನ್ನುವುದೇ ಮರೆತುಹೋಗುತ್ತದೆ ಎಂದಳು. ನಿಯಮ ನನ್ನದು, ಅದರ ಕಷ್ಟ ಅವಳದು ಎನ್ನುವುದು ನ್ಯಾಯವಲ್ಲ. ನಾನು ಕಾರ್ಖಾನೆಯಲ್ಲಿ ಕೇಳಿ ಮೊದಲ ಪಾಳಿಗೆ ಹಾಕಿಸಿಕೊಂಡೆ. ಎರಡಕ್ಕೆ ಬಿಡುವು. ಮನೆಗೆ ಬಂದು ಮಗುವನ್ನೂ ಅಮ್ಮನನ್ನೂ ಹೊರಡಿಸಿಕೊಂಡು, ಸಿಕ್ಕ ಬಸ್ಸು ಹಿಡಿದು ಮೂರಕ್ಕೆಲ್ಲ ಶಾಲೆಯ ಮುಂದೆ ಇಳಿಯುವುದು. ಆ ಹೊತ್ತಿಗೆ ಸಣ್ಣ ಬಿಡುವು. ಹಿಂದಿನ ಕೋಣೆಯಲ್ಲಿ ಹೆಂಡತಿ ಹಾಲು ಕೊಡುತ್ತಾಳೆ. ಶಾಲೆ ಬಿಟ್ಟ ಮೇಲೆ ಎಲ್ಲರೂ ಒಟ್ಟಿಗೆ ವಾಪಸ್.

ಈ ವ್ಯವಸ್ಥೆ ಚೆನ್ನಾಗಿ ನಡೆಯಿತು. ಮಗು ಗೆಲುವಾಯಿತು, ಹೆಂಡತಿ ರಾಜೀನಾಮೆಯ ಮಾತು ಬಿಟ್ಟಳು. ಶಾಲೆ ಬಿಡುವವರೆಗೆ ನನಗೆ ಮಾಡಲು ಬೇರೇನೂ ಇರುತ್ತಿರಲಿಲ್ಲ. ಜಗಲಿಯ ಬೆಂಚಿನ ಮೇಲೆ ಕೂತಿರುತ್ತಿದ್ದೆ. ನಾಲ್ಕನೇ ತರಗತಿಯ ಬಾಗಿಲು ಅಲ್ಲೇ. ಒಂದು ದಿನ ಮೇಷ್ಟ್ರು ಭಾಗಾಕಾರದಲ್ಲಿ ಶೇಷ ತಪ್ಪಾಗಿ ಬರೆದರು. ಕೂತಲ್ಲಿಂದಲೇ ಹೇಳಿದೆ. ಇನ್ನೊಂದು ದಿನ ಪಕ್ಕದ ಕೋಣೆಯಲ್ಲಿ ಒಬ್ಬರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ, ಅಷ್ಟೇ. ಮೂರನೇ ದಿನದಿಂದ ನಾನು ಬಸ್ಸಿಳಿಯುವುದು ಕಂಡರೆ ಮಕ್ಕಳು ಒಳಗೆ ಹೋಗಿ ಹೇಳುತ್ತಿದ್ದರು, ಎಲ್ಲ ಕೋಣೆಗಳಿಂದಲೂ ಮಗ್ಗಿ ಕೇಳಿಸುತ್ತಿತ್ತು.

ಆ ಶನಿವಾರ ಹೆಂಡತಿ ಒಂದು ದೊಡ್ಡ ಪೊಟ್ಟಣ ಹಿಡಿದು ಬಂದಳು. ಏನು ಎಂದು ಕೇಳಿದೆ.

"ಸ್ಟಾಫ್ ಎಲ್ಲ ಸೇರಿ ಕೊಟ್ಟಿದ್ದು. ಎರಡು ಸೇರು ರಾಗಿ ಸರಿ ಹಿಟ್ಟು. ಮಗೂಗೆ ಸೋಮವಾರದಿಂದಲೇ ಶುರು ಮಾಡಿ ಅಂತ ಹೆಡ್‌ಮೇಷ್ಟ್ರು ಕೈಮುಗಿದು ಹೇಳಿದ್ರು."

ಇನ್ನು ಎಂಟು ದಿನ

ಆರು ತಿಂಗಳು ತುಂಬಲು ಎಂಟು ದಿನ ಉಳಿದಿತ್ತು. ಹೆಂಡತಿಗೆ ಆವತ್ತು ಮೈಸೂರಿನಲ್ಲಿ ತರಬೇತಿ, ಬರುವುದು ಆರಕ್ಕೆ. ನಾನು ಎರಡೂಕಾಲಿಗೆ ಮನೆಗೆ ಬಂದಾಗ ಅಮ್ಮ ಸೀರೆ ಉಟ್ಟು ಸಿದ್ಧರಾಗಿದ್ದರು. ನಾಲ್ಕು ಮನೆ ಆಚೆ ಒಂದು ಸೀಮಂತ, ಹಾಡು ಹೇಳಬೇಕು. ಹಾಲು ಈಗ ತಾನೇ ಮುಗಿಯಿತು, ಐದಕ್ಕೆ ಬರುತ್ತೇನೆ, ನೋಡಿಕೋ ಎಂದು ಮಗುವನ್ನು ನನ್ನ ಕೈಗಿಟ್ಟು ಹೊರಟರು. ಆರು ತಿಂಗಳಿನಲ್ಲಿ ಮಗಳು, ನಾನು ಇಬ್ಬರೇ ಇದ್ದದ್ದು ಅದೇ ಮೊದಲು.

ಮೂರು ಗಂಟೆಗೆ ಅಳು ಶುರುವಾಯಿತು. ಕಾಗೆ ತೋರಿಸಿದೆ. ಗಿಲಕಿ ಅಲ್ಲಾಡಿಸಿದೆ. ಹೆಗಲ ಮೇಲೆ ಹಾಕಿಕೊಂಡು ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ನಡುಮನೆಗೆ ಓಡಾಡಿದೆ. ಮೂರೂವರೆಯಾಯಿತು. ಆವತ್ತು ಕ್ಯಾಂಟೀನ್ ತಪ್ಪಿ ನನ್ನದೂ ಊಟವಾಗಿರಲಿಲ್ಲ. ಬೇರೆ ದಾರಿ ಕಾಣದೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಟ್ಟೆ ಎಳೆದುಕೊಂಡೆ. ಅಳು ತಟ್ಟನೆ ನಿಂತಿತು.

ನಾನು ಮೊದಲ ತುತ್ತು ಎತ್ತಿದೆ. ಅವಳ ಕಣ್ಣು ತಟ್ಟೆಯಿಂದ ನನ್ನ ಬಾಯಿಯವರೆಗೆ ಕೈಯ ಜೊತೆಗೇ ಬಂತು. ನಾನು ಬಾಯಿ ತೆರೆದೆ, ಅವಳೂ ತೆರೆದಳು. ನಾನು ಅಗಿದೆ, ಅವಳೂ ಖಾಲಿ ಬಾಯಿ ಅಗಿದಳು. ನಾನು ನುಂಗಿದ್ದು ಕಂಡು ಕೆಳತುಟಿ ಮುಂದೆ ಬಂತು. ಎರಡನೇ ತುತ್ತಿಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡೆ. ಅವಳು ಬಗ್ಗಿ ಹಿಂಬಾಲಿಸಿದಳು. ಮೂರನೇ ತುತ್ತನ್ನು ತಟ್ಟೆಗೇ ವಾಪಸ್ ಹಾಕಿದೆ. ಕತ್ತು ನಿಂತಿದೆ. ಒರಗಿ ಕೂತಿದ್ದಾಳೆ. ಆಸೆಪಡುತ್ತಿದ್ದಾಳೆ ಎನ್ನುವುದಕ್ಕೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಉಳಿದದ್ದು ನಾಲಿಗೆಯದೊಂದು. ಅದನ್ನು ಕೊಡದೆ ಪರೀಕ್ಷಿಸುವ ವಿಧಾನ ಪುಸ್ತಕದಲ್ಲಿರಲಿಲ್ಲ.

ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಒಲೆ ಹಚ್ಚಿದೆ. ಮೊದಲ ಸಲ ಹಿಟ್ಟು ಗಂಟಾಯಿತು, ಚೆಲ್ಲಿದೆ. ಎರಡನೆಯದು ತಳ ಹಿಡಿಯಿತು, ಅದನ್ನೂ ಚೆಲ್ಲಿದೆ. ಮೂರನೆಯದಕ್ಕೆ ಹಿಟ್ಟನ್ನು ಮೊದಲೇ ತಣ್ಣೀರಿನಲ್ಲಿ ಕಲಸಿಕೊಂಡು ಬಿಡದೆ ತಿರುವಿದೆ. ತೆಳ್ಳಗೆ, ನುಣ್ಣಗೆ ಬಂತು. ಆರಿಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ, ಮೊದಲ ಚಮಚ ಇಟ್ಟೆ. ಅರ್ಧ ಗದ್ದದ ಮೇಲೆ ಇಳಿಯಿತು. ಎರಡನೆಯದು ಒಳಗೆ ಹೋಯಿತು. ಮೂರನೆಯದಕ್ಕೆ ಅವಳು ಎರಡೂ ಕೈಯಲ್ಲಿ ಚಮಚವನ್ನೇ ಹಿಡಿದುಕೊಂಡಳು, ಬಿಡಿಸಿಕೊಳ್ಳಲು ಸ್ವಲ್ಪ ಬಲ ಹಾಕಬೇಕಾಯಿತು. ಹತ್ತು ನಿಮಿಷಕ್ಕೆ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಮನೆ ನಿಶ್ಶಬ್ದವಾಯಿತು. ನನಗೆ ಅಷ್ಟು ಸಮಾಧಾನ ಆ ಒಂದು ವರ್ಷದಲ್ಲೇ ಆಗಿರಲಿಲ್ಲ.

ಪಾತ್ರೆ ತೊಳೆದಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಾಡಿದ್ದನ್ನು ಮುಚ್ಚಿಡುವುದು ನನ್ನಿಂದ ಆಗದ ಕೆಲಸ. ಆರು ಗಂಟೆಗೆ ಹೆಂಡತಿ ಬಂದಳು, ಅಮ್ಮ ಬಂದು ಆಗಲೇ ಒಂದು ಗಂಟೆಯಾಗಿತ್ತು. ಇಬ್ಬರನ್ನೂ ಕೂರಿಸಿ, ನಾನು ನಿಂತುಕೊಂಡೇ ಹೇಳಿದೆ. ಎಂಟು ದಿನ ಮುಂಚಿತವಾಗಿ, ಮಧ್ಯಾಹ್ನ ನಾಲ್ಕು ಗಂಟೆಗೆ, ಮೂರು ಚಮಚ. ನೀವಿಬ್ಬರೂ ನನಗೆ ತಿಳಿಯದಂತೆ ಈಗಾಗಲೇ ಕೊಟ್ಟಿದ್ದರೂ ನಾನು ಏನೂ ಅನ್ನುವುದಿಲ್ಲ, ಆ ಹಕ್ಕು ಇನ್ನು ನನಗಿಲ್ಲ ಎಂದೂ ಸೇರಿಸಿದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ಮೆಲ್ಲಗೆ ಕೇಳಿದಳು, ಉಗುಳಿದಳಾ ಎಂದು. ಮೊದಲನೆಯದು ಅರ್ಧ, ಉಳಿದದ್ದು ಇಲ್ಲ ಎಂದೆ. ಅವಳು ಚೀಲವನ್ನು ಅಲ್ಲೇ ಕೆಳಗಿಟ್ಟು, ಮಲಗಿದ್ದ ಮಗುವಿನ ಗದ್ದ ಮುಟ್ಟಿ, ಹಾಗಾದರೆ ನಾಳೆಯಿಂದ ನಾನು ನಿಶ್ಚಿಂತೆಯಾಗಿ ಪಾಠ ಮಾಡುತ್ತೇನೆ ಎಂದಳು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದಳು.

ಅಮ್ಮ ನಗಲಿಲ್ಲ.

"ನಾವು ಕೊಟ್ವಾ ಅಂತ ಕೇಳ್ತೀಯಲ್ಲೋ. ಇಪ್ಪತ್ತೆರಡು ದಿನ ಆ ಕೂಸು ನನ್ನ ತೊಡೆ ಮೇಲೆ ಬಾಯಿ ಬಾಯಿ ಬಿಡ್ತು. ನೀನು ಹೇಳಿದೀಯ ಅಂತ ಒಂದು ಅಗಳು ಮುಟ್ಟಿಸದೆ ಕಲ್ಲು ಮನಸ್ಸು ಮಾಡ್ಕೊಂಡು ಕೂತಿದ್ದೆ. ನಿನಗೆ ಒಂದೇ ಒಂದು ಮಧ್ಯಾಹ್ನ ತಡ್ಕೊಳೋಕಾಗಲಿಲ್ಲ."